ಹೆಂಡದ ಮೇಷ್ಟ್ರ ಹೆಂಡತಿ

ಗೌನಿಪಲ್ಲಿಯ ಚನ್ನರಾಯಪ್ಪನವರ ಸೊಸೆ ವೆಂಕಟರತ್ನಮ್ಮನಿಗೆ ಮದುವೆಯಾಗಿ ಆರು ವರ್ಷ ಕಳೆದಿದ್ದರೂ ಗಂಡನ ಜೊತೆ ಸಂಸಾರ ಮಾಡಿದ್ದೆಲ್ಲ ಮಾವಿನ ಕಾಲದಲ್ಲೇ. ತೋಪಿನಲ್ಲಿ ರಸಪುರಿ ಬಣ್ಣ ತಿರುಗುವ ಹೊತ್ತಿಗೆ ಕೋದಂಡರಾಮಪ್ಪ ಬೆಂಗಳೂರಿನಿಂದ ಬಂದು ಬಸ್ಸಿಳಿಯುತ್ತಿದ್ದ. ಕೊನೆಯ ನೀಲಂ ಹಣ್ಣು ಗಾಡಿಗೇರಿದ ಮೇಲೆ ಟ್ರಂಕು ಹೊತ್ತು ಹೊರಟುಬಿಡುತ್ತಿದ್ದ. ಆಮೇಲೆ ಮುಂದಿನ ಬೇಸಿಗೆಯವರೆಗೆ ಅವಳ ಪಾಲಿಗೆ ಉಳಿಯುತ್ತಿದ್ದುದು ಅತ್ತೆಯ ಮಂಡಿಗೆ ಎಣ್ಣೆ ತಿಕ್ಕುವುದು, ಎರಡು ಹೊತ್ತು ಮುದ್ದೆ ಕಟ್ಟುವುದು, ಬಸ್ಸಿನ ಸದ್ದಾದಾಗಲೆಲ್ಲ ಏನೋ ನೆಪ ಮಾಡಿಕೊಂಡು ಬಾಗಿಲಿಗೆ ಬಂದು ನಿಲ್ಲುವುದು.

ಕೋದಂಡರಾಮಪ್ಪ ಬೆಂಗಳೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕ. ಹಣ್ಣಿನ ರಸ ಹುದುಗಿ ಮದ್ಯವಾಗುವುದು ಹೇಗೆ, ಅದು ಕೆಟ್ಟು ಹುಳಿಯಾಗದ ಹಾಗೆ, ಹಣ್ಣಿನ ಪರಿಮಳ ಹಾರಿಹೋಗದ ಹಾಗೆ ಕಾಪಾಡುವುದು ಹೇಗೆ ಎಂಬುದು ಅವನ ಸಂಶೋಧನೆ. ಫ್ರಾನ್ಸ್ ದೇಶದಲ್ಲಿ ದ್ರಾಕ್ಷಿಗೆ ಇದನ್ನೇ ಕಲಿಸುವ ದೊಡ್ಡ ದೊಡ್ಡ ವಿದ್ಯಾಲಯಗಳಿವೆ, ನಮ್ಮ ಮಾವನ್ನು ಕೇಳುವವರೇ ಇಲ್ಲ ಎಂಬುದು ಅವನ ಕೊರಗು. ಬಾವಿಕಟ್ಟೆಯಲ್ಲಿ ನೆರೆಮನೆಯ ಆಂಜಿನಮ್ಮ ಒಮ್ಮೆ, "ನಿನ್ನ ಗಂಡ ಏನು ಪಾಠ ಹೇಳ್ತಾರಮ್ಮ?" ಎಂದು ಕೇಳಿದ್ದಳು. ರತ್ನಮ್ಮ ತನಗೆ ತಿಳಿದಷ್ಟನ್ನು ಹೇಳಿದ್ದಳು. ಸಂಜೆಯಾಗುವಷ್ಟರಲ್ಲಿ ಊರೆಲ್ಲ ಅವನಿಗೆ ಹೆಂಡದ ಮೇಷ್ಟ್ರು ಎಂದು ಹೆಸರಿಟ್ಟಾಗಿತ್ತು.

ಊರು ನಗುವುದಕ್ಕೆ ಕಾರಣವೂ ಇತ್ತು. ಅವನ ತಂದೆ ಚನ್ನರಾಯಪ್ಪನವರು ಹೋಬಳಿಯ ಪಾನನಿರೋಧ ಸಂಘದ ಅಧ್ಯಕ್ಷರು. ಅವರ ಅಣ್ಣ ಪೆದ್ದಪ್ಪ ಕುಡಿದು ಕುಡಿದೇ ಸತ್ತಿದ್ದ. ಆ ಅಣ್ಣನ ಹೆಂಡತಿ ದೊಡ್ಡಗಂಗಮ್ಮ ಅಂದಿನಿಂದ ಇದೇ ಮನೆಯಲ್ಲಿದ್ದರು. ಅಣ್ಣನ ಚಿತೆ ಆರುವ ಮೊದಲೇ ಚನ್ನರಾಯಪ್ಪನವರು ಹೆಂಡದಂಗಡಿಯ ಮುಂದೆ ಹೋಗಿ ಕೂತಿದ್ದರು. ವರ್ಷಗಟ್ಟಲೆ ಕೂತು ಎರಡು ಅಂಗಡಿ ಮುಚ್ಚಿಸಿದ್ದರು. ಉಳಿದದ್ದು ಗುತ್ತಿಗೆದಾರ ಮುನಿಯಲ್ಲಪ್ಪನದೊಂದೇ.

ಗಂಡನ ಜೊತೆ ಬೆಂಗಳೂರಿಗೆ ಹೋಗುವ ಮಾತು ಪ್ರತಿ ವರ್ಷ ಏಳುತ್ತಿತ್ತು, ಪ್ರತಿ ವರ್ಷ ಮಾವನ ಒಂದೇ ಉತ್ತರಕ್ಕೆ ಮಲಗಿಬಿಡುತ್ತಿತ್ತು. "ಅವನು ಹೆಂಡ ಕಾಯಿಸೋ ಕಡೆಗೆ ಈ ಮನೆ ಸೊಸೇನ ಕಳಿಸಲ್ಲ."

ಸಾವಿರದ ಒಂಬೈನೂರ ಮೂವತ್ತೆಂಟರ ಬೇಸಿಗೆಯಲ್ಲಿ ಕೋದಂಡರಾಮಪ್ಪ ಬಸ್ಸಿನ ಮೇಲಿಂದ ಹುಲ್ಲು ತುಂಬಿದ ಪೆಟ್ಟಿಗೆಗಳನ್ನು ಇಳಿಸಿಕೊಂಡ. ಒಳಗಿದ್ದದ್ದು ದಪ್ಪ ಗಾಜಿನ ಜಾಡಿಗಳು. ಹಿಂದಿನ ವರ್ಷಗಳಲ್ಲಿ ಪ್ರಯೋಗಕ್ಕೆಂದು ಹಣ್ಣಿನ ಸಿಪ್ಪೆ ಕೆರೆದು ಸಣ್ಣ ಸೀಸೆಗಳಲ್ಲಿ ತುಂಬಿಕೊಂಡು ಹೋಗುತ್ತಿದ್ದನಷ್ಟೆ. ಈ ಸಲ ರಸವನ್ನು ಮನೆಯಲ್ಲೇ ಹುದುಗಿಸುತ್ತೇನೆಂದ.

ಬಡಿಸುತ್ತಿದ್ದ ರತ್ನಮ್ಮನ ಕೈ ಮಾವಿನಕಾಯಿ ಹಾಕಿದ ಬೇಳೆ ಪಪ್ಪಿನ ಪಾತ್ರೆಯಲ್ಲೇ ನಿಂತಿತು.

"ಎಲ್ಲಿ?" ಎಂದರು ಚನ್ನರಾಯಪ್ಪನವರು.

"ಹಿತ್ತಲ ಕೋಣೇಲಿ ನಾಯನ. ಅಲ್ಲಿ ತಂಪಿದೆ," ಎಂದ ಕೋದಂಡರಾಮಪ್ಪ ಅಪ್ಪನಿಗೆ.

"ಬೆಂಗಳೂರಲ್ಲಿ ತಂಪು ಸತ್ತೋಯ್ತಾ?"

"ಹಣ್ಣು ಬಸ್ಸಲ್ಲಿ ಹೋದ್ರೆ ದಾರೀಲೇ ಬೆಂದು ಹೋಗುತ್ತೆ. ಮರದಿಂದ ಕಿತ್ತ ದಿನವೇ ರಸ ಹಿಂಡಬೇಕು. ನಮ್ಮ ಪ್ರೊಫೆಸರು ಈ ವರ್ಷ ನಿವೃತ್ತಿ ಆಗ್ತಾರೆ. ಆಷಾಢ ಕಳೆದ ಮೇಲೆ ಸಮಿತಿ ಕೂರುತ್ತೆ. ಮಾವಿನ ಮದ್ಯ ನಾನು ಅವರ ಮುಂದಿಟ್ರೆ ಆ ಜಾಗ ನನಗೇ."

"ನಿಮ್ಮ ದೊಡ್ಡಪ್ಪ ಯಾವುದರಿಂದ ಸತ್ತ ಅಂತ ಗೊತ್ತೇನೋ?"

"ಗೊತ್ತು. ಇದು ಅದಲ್ಲ."

"ವಾಸನೆ ಒಂದೇ ಕಣೋ! ನಿಮ್ಮ ದೊಡ್ಡಮ್ಮ ಇದೇ ಮನೇಲಿ ಉಸಿರಾಡ್ತಾಳೆ. ಅವಳ ಮೂಗಿನ ಮುಂದೆ ಅದನ್ನ ಇಡ್ತೀಯಾ?"

ಒಲೆಯ ಪಕ್ಕ ಕೂತಿದ್ದ ದೊಡ್ಡಗಂಗಮ್ಮ ಸೌದೆ ಒಳಕ್ಕೆ ತಳ್ಳಿದರು. ಮಾತಾಡಿದ್ದು ಅತ್ತೆ ಬೈರಮ್ಮ. ಮಂಡಿ ಹಿಡಿದುಕೊಂಡೇ ಗೋಡೆಗೊರಗಿ, "ಇರಲಿ ಬಿಡ್ರಿ. ಜಾಡಿ ಇದ್ರೆ ಮಗ ನಾಲ್ಕು ದಿನ ಜಾಸ್ತಿ ಇರ್ತಾನೆ. ಆರು ವರ್ಷ ಆಯ್ತು, ಈ ಮನೇಲಿ ತೊಟ್ಟಿಲು ಕಟ್ಟಲಿಲ್ಲ. ಕಾಗದದಲ್ಲಿ ಮಕ್ಕಳಾಗ್ತಾವಾ?" ಎಂದರು.

ರತ್ನಮ್ಮ ನಾಚಿಕೆಯಿಂದ ಒಳಗೋಡಿದಳು. ಮಾವ ಮುದ್ದೆ ಅರ್ಧಕ್ಕೇ ಬಿಟ್ಟು ಕೈ ತೊಳೆದರು. ಆದರೆ ಬೇಡವೆಂದೂ ಮತ್ತೆ ಹೇಳಲಿಲ್ಲ.

ಆ ಮೂರು ವಾರ ರತ್ನಮ್ಮನ ಬಾಳಿನಲ್ಲೇ ಬೇರೆ. ಬೆಳಿಗ್ಗೆ ಕಸಮುಸುರೆ ಮುಗಿಸಿ, ದನಕ್ಕೆ ಕಲಗಚ್ಚಿಟ್ಟು, ಸಾರಿಗೆ ಒಗ್ಗರಣೆ ಹಾಕಿದವಳೇ ಹಿತ್ತಲ ಕೋಣೆಗೆ ಬರುತ್ತಿದ್ದಳು. ಇಬ್ಬರೂ ಎದುರುಬದುರು ಕೂತು ಹಣ್ಣು ಹಿಸುಕುತ್ತಿದ್ದರು. ಮೊಣಕೈವರೆಗೆ ರಸ. ಅವನು ಸಕ್ಕರೆಯ ಅಂಶ ಅಳೆಯುತ್ತಿದ್ದ, ಜಾಡಿಯ ಬಾಯಿಗೆ ಕುದಿಸಿದ ಬಟ್ಟೆ ಕಟ್ಟುತ್ತಿದ್ದ, ಬಿಸಿಲು ಏರಿದಾಗ ಒದ್ದೆ ಗೋಣಿ ಸುತ್ತುವುದನ್ನು ಹೇಳಿಕೊಡುತ್ತಿದ್ದ.

"ಇಲ್ಲಿ ಕಿವಿ ಇಡು ರತ್ನಾ."

ಅವಳು ಜಾಡಿಗೆ ಕಿವಿ ಇಟ್ಟಳು. ಒಳಗೆ ಸಣ್ಣ ಮಳೆ ಸುರಿಯುವಂಥ ಸದ್ದು.

"ಏನಂತಿದೆ?"

"ಏನೋ ಗೊಣಗ್ತಾ ಇದೆ, ನಮ್ಮತ್ತೆ ತರಹ."

ಅವನು ಗಟ್ಟಿಯಾಗಿ ನಕ್ಕುಬಿಟ್ಟ. ಅವನು ಹಾಗೆ ನಗುವುದನ್ನು ಅವಳು ಅದೇ ಮೊದಲು ಕೇಳಿದ್ದು.

"ಪ್ರೊಫೆಸರ್‌ಗೆ ಕಾಲೇಜಿನವರೇ ಬಂಗಲೆ ಕೊಡ್ತಾರೆ. ಮುಂದೆ ಒಂದು ಸಂಪಿಗೆ ಮರ ಇದೆ. ಆಗ ನಾಯನ ಏನೇ ಅಂದ್ರೂ ನಿನ್ನ ಕರ್ಕೊಂಡು ಹೋಗ್ತೀನಿ."

"ಅಡಿಗೆಮನೆ ಹೇಗಿದೆ?"

"ನಾನು ನೋಡಿಲ್ಲ ಕಣೇ. ಜಗಲಿ ತನಕ ಹೋಗಿದೀನಿ ಅಷ್ಟೆ."

ಆ ಕಾಣದ ಅಡಿಗೆಮನೆಯಲ್ಲಿ ರತ್ನಮ್ಮ ಅಂದಿನಿಂದಲೇ ಪಾತ್ರೆ ಜೋಡಿಸತೊಡಗಿದಳು.

ಪರೀಕ್ಷೆಯ ಕೆಲಸಕ್ಕೆ ಕಾಲೇಜಿನಿಂದ ಕರೆ ಬಂದು ಕೋದಂಡರಾಮಪ್ಪ ಕೆಲವು ವಾರದ ಮಟ್ಟಿಗೆ ಹೊರಟ. ಬಸ್ಸು ಹತ್ತುವಾಗ, "ಗೋಣಿ ಒಣಗದ ಹಾಗೆ ನೋಡ್ಕೋ. ಬಟ್ಟೆ ಬಿಚ್ಚಬೇಡ. ನಾನು ಬರೋ ಹೊತ್ತಿಗೆ ತಿಳಿಯಾಗಿರುತ್ತೆ," ಎಂದ. ಅವಳ ವಿಷಯ ಏನೂ ಹೇಳಲಿಲ್ಲ. ಆದರೂ ಅವಳಿಗೆ ಬೇಸರವಾಗಲಿಲ್ಲ. ತನ್ನ ಮನೆಯನ್ನೇ ತನ್ನ ಕೈಗೆ ಕೊಟ್ಟು ಹೋದ ಹಾಗಿತ್ತು.

ಜಾಡಿಯ ಸದ್ದು ದಿನೇ ದಿನೇ ಇಳಿಯಿತು. ಕೋಣೆಯ ತುಂಬ ಘಮ ಏರಿತು. ಸಂಜೆ ದೀಪ ಹಚ್ಚಿ ಬರುವಾಗ ದೊಡ್ಡಗಂಗಮ್ಮ ಆ ಕೋಣೆಯ ಹೊಸ್ತಿಲ ಹೊರಗೆ ಸುಮ್ಮನೆ ಕೂತಿರುವುದನ್ನು ರತ್ನಮ್ಮ ಎರಡು ಮೂರು ಸಲ ಕಂಡಳು. ಕೇಳಲು ಧೈರ್ಯ ಸಾಲಲಿಲ್ಲ.

ಒಂದು ಮಧ್ಯಾಹ್ನ ಚನ್ನರಾಯಪ್ಪನವರು ಶ್ರೀನಿವಾಸಪುರದ ಸಂತೆಯಿಂದ ಬಂದವರು ಕಾಲಿಗೆ ನೀರು ಹಾಕಿಕೊಳ್ಳದೆ ನೇರ ನಡುಮನೆಗೆ ಬಂದು ನಿಂತರು.

"ಮುನಿಯಲ್ಲಪ್ಪ ಅರ್ಜಿ ಹಾಕಿದಾನೆ. ನಾಳೆ ಅಬಕಾರಿ ಇನ್‌ಸ್ಪೆಕ್ಟರು ನಮ್ಮ ಮನೆ ತಪಾಸಣೆಗೆ ಬರ್ತಾನೆ."

ಬೈರಮ್ಮ ಎದೆಗೆ ಕೈ ಇಟ್ಟುಕೊಂಡರು. "ಅಯ್ಯೋ ರಾಮಾ! ಸರ್ಕಾರದ ಅಪ್ಪಣೆ ಐತೆ ಅಂದಿದ್ನಲ್ಲ ಮಗ?"

"ಅಪ್ಪಣೆ ಇರೋದು ಕಾಲೇಜಿಗೆ. ಮನೆಗಲ್ಲ. ಸಿಕ್ಕಿದ್ರೆ ಅವನ ಕೆಲಸ ಹೋಗುತ್ತೆ, ಜೈಲೂ ಆಗಬಹುದು."

"ತೋಪಲ್ಲಿ ಗುಂಡಿ ತೋಡಿ ಹೂತಿಡೋಣ."

"ಅವನ ಆಳುಗಳು ಬೆಳಿಗ್ಗೆಯಿಂದ ತೋಪಿನ ಬೇಲಿ ಹತ್ರಾನೇ ಬೀಡಿ ಸೇದ್ತಾ ಕೂತವ್ರೆ. ಜಾಡಿ ಈ ಬಾಗಿಲು ದಾಟಂಗಿಲ್ಲ."

"ಹಂಗಾದ್ರೆ ಇಲ್ಲ ಅಂದ್ಬಿಡಿ!"

"ಸುಳ್ಳು ನನ್ನ ಬಾಯಲ್ಲಿ ಬರಲ್ಲ ಕಣೇ. ಕೇಳಿದ್ರೆ ಇದ್ದದ್ದು ಇದ್ದಂಗೆ ಹೇಳ್ತೀನಿ. ನನ್ನ ಮಗ ಮಾಡಿದ ಅಂತೀನಿ. ಇಷ್ಟು ವರ್ಷ ಊರಿಗೆಲ್ಲ ಹೇಳಿದೋನು ನಾನು."

"ಒಬ್ಬನೇ ಮಗ ರೀ!"

"ಗೊತ್ತು!" ಎಂದು ಕೂಗಿದರು ಮಾವ. ಅವರು ಹೆಗಲ ಮೇಲಿನ ವಸ್ತ್ರ ಕೊಡವಿ ಹೊರಗೆ ಹೋಗಿ ಜಗಲಿಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತರು.

ರತ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಲ ಕೋಣೆಗೆ ನಡೆದಳು. ಮೊದಲ ಜಾಡಿಯ ಗೋಣಿ ಬಿಚ್ಚಿದಳು. ರಸ ತಿಳಿಯಾಗಿ, ಹೊಸ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಬಾಯಿ ಕಟ್ಟಿದ್ದ ದಾರಕ್ಕೆ ಕೈ ಹಾಕಿದಳು, ಗಂಟು ಬಿಚ್ಚಲಾರದೆ ಹಾಗೇ ಕೂತಳು.

"ಸ್ವಲ್ಪ ತಡಿಯೇ." ಬಾಗಿಲಲ್ಲಿ ದೊಡ್ಡಗಂಗಮ್ಮ. ಅವರು ಹೊಸ್ತಿಲು ದಾಟಿ ಒಳಗೆ ಬಂದರು.

"ದೊಡ್ಡತ್ತೆ, ಈ ವಾಸನೆ ನಿಮಗೆ..."

"ನಿಮ್ಮ ಮಾವ ನನ್ನ ಹೆಸರು ಹೇಳ್ಕೊಂಡು ಇಷ್ಟು ದಿನ ಜಗಳ ಆಡ್ದ. ನನ್ನ ಒಂದು ಮಾತು ಕೇಳಿದ್ನಾ? ನಮ್ಮ ಯಜಮಾನ್ರು ಕುಡಿದು ಬರೋರು, ಹೊಡೆಯೋರು, ಅದೆಲ್ಲ ನಿಜ. ಆದ್ರೆ ಬಾಗಿಲಲ್ಲಿ ಆ ವಾಸನೆ ಬಂದ್ರೇನೇ ಕಣೇ, ಸದ್ಯ, ಇವತ್ತೂ ಮನೆಗೆ ಬಂದ್ರು ಅಂತ ನನಗೆ ಜೀವ ಬರ್ತಿದ್ದದ್ದು." ಅವರು ಜಾಡಿಯ ಪಕ್ಕ ಕೂತರು. "ಅವರು ಇಷ್ಟು ಆಸೆಪಟ್ಟಿದ್ದು ಏನು ಅಂತ ನಾನು ಯಾವತ್ತೂ ನಾಲಿಗೆಗೆ ಇಟ್ಕೊಂಡಿಲ್ಲ. ಹೆಂಗೂ ಚೆಲ್ತೀಯಲ್ಲ."

ರತ್ನಮ್ಮ ಗಂಟು ಬಿಚ್ಚಿದಳು. ಒಂದು ಸಣ್ಣ ಬಟ್ಟಲಲ್ಲಿ ತೆಗೆದು ಕೊಟ್ಟಳು. ಮುದುಕಿ ಎರಡು ಗುಟುಕು ಕುಡಿದು, ಬಟ್ಟಲ ಅಂಚನ್ನು ಬೆರಳಿಂದ ಒರೆಸಿ ನಾಲಿಗೆಗಿಟ್ಟುಕೊಂಡರು.

"ಚೆನ್ನಾಗೇ ಐತೆ," ಎಂದರು. "ಅವರು ಕುಡಿದದ್ದು ಇಷ್ಟು ಚೆನ್ನಾಗಿರಲಿಲ್ಲವೇನೋ ಪಾಪ."

ಆಮೇಲೆ ಇಬ್ಬರೂ ಸೇರಿ ಒಂದೊಂದೇ ಜಾಡಿ ಎತ್ತಿ ಹಿತ್ತಲ ತಿಪ್ಪೆಗೆ ಸುರಿದರು. ರತ್ನಮ್ಮ ಅಳಲಿಲ್ಲ. ಸಂಪಿಗೆ ಮರದ ಮನೆಯ ಕದವನ್ನು ತಾನೇ ಮುಚ್ಚುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಕೈ ಮಾತ್ರ ನಿಲ್ಲಲಿಲ್ಲ.

ಮಾರನೆಯ ದಿನ ಇನ್‌ಸ್ಪೆಕ್ಟರು ಇಬ್ಬರು ಜವಾನರ ಜೊತೆ ಬಂದ. ಹಿಂದೆ ಅರ್ಧ ಊರು. ಜಾಡಿಗಳನ್ನು ತೊಳೆದಿದ್ದರೂ ಘಮ ಹೋಗಿರಲಿಲ್ಲ. ತಿಪ್ಪೆಯ ಸುತ್ತ ನೊಣ ಮುತ್ತಿದ್ದವು. ಅವನು ಮೂಸಿ ನೋಡಿದ, ನೆಲದ ಕಲೆ ನೋಡಿದ, ಜಗಲಿಗೆ ಬಂದ.

"ಯಜಮಾನ್ರೇ, ತಾವು ದೊಡ್ಡವರು. ನೇರ ಕೇಳ್ತೀನಿ. ಇಲ್ಲಿ ಮದ್ಯ ಇತ್ತೋ ಇಲ್ವೋ?"

ಬಾಗಿಲ ಹಿಂದೆ ಬೈರಮ್ಮ ಸೊಸೆಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡರು.

"ಇತ್ತು," ಎಂದರು ಚನ್ನರಾಯಪ್ಪನವರು.

ಜನ ಗುಜುಗುಜು ಎಂದಿತು.

"ಮಾಡಿದ್ದು ಯಾರು? ತಮ್ಮ ಮಗ ಅಂತ ಅರ್ಜೀಲಿದೆ."

ಚನ್ನರಾಯಪ್ಪನವರು ಜನರ ಕಡೆ ನೋಡಿದರು. ಅದರಲ್ಲಿ ಸಂಘದವರೆಲ್ಲ ಇದ್ದರು. "ನನ್ನ ಮಗ ಊರಲ್ಲೇ ಇಲ್ಲ. ಬೆಂಗಳೂರಲ್ಲಿ ಪರೀಕ್ಷೆ ಮಾಡಿಸ್ತಾ ಅವ್ನೆ. ಮನೆ ನಂದು, ಮಾವು ನಂದು. ಮಾಡಿದ್ದು ನಾನೇ."

"ತಾವಾ?"

"ನಾನೇ. ಮಾವಿನ ಹಣ್ಣಿಂದೂ ಆಗುತ್ತೆ ಅಂದ್ರು, ನೋಡೋಣ ಅಂತ ಮಾಡ್ದೆ. ಬರ್ಕೊಳ್ಳಿ."

ನಿಂತವರಲ್ಲಿ ಯಾರೋ ನಕ್ಕರು. ಚನ್ನರಾಯಪ್ಪನವರು ತಲೆ ತಗ್ಗಿಸಲಿಲ್ಲ.

ಶ್ರೀನಿವಾಸಪುರದ ಅಮಲ್ದಾರರ ಕಚೇರಿಯಲ್ಲಿ ಎಲ್ಲರೆದುರು ದಂಡ ಕಟ್ಟಿ ಬಂದರು. ಅದೇ ವಾರ ಸಂಘದವರು ಸಭೆ ಸೇರಿ ಬೇರೆಯವರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಹೆಂಡದಂಗಡಿಯ ಮುಂದೆ ಹೋಗುವಾಗ ಮುನಿಯಲ್ಲಪ್ಪ ಎದ್ದು ನಿಂತು, "ಬನ್ನಿ ಯಜಮಾನ್ರೇ, ಈಗ ನಾವು ನಾವು ಒಂದೇ ಕಸುಬಿನವರು!" ಎಂದನಂತೆ. ಆ ದಿನ ಮಾವ ಮನೆಗೆ ಬಂದು, "ಏನು ಸಾರು?" ಎಂದು ಕೇಳಿದರು. "ಬಸ್ಸಾರು," ಎಂದಳು ರತ್ನಮ್ಮ. "ಹಾಕು," ಎಂದರು. ಎಂದೂ ಕೇಳದವರು ಎರಡನೆಯ ಸಲ ಸಾರು ಹಾಕಿಸಿಕೊಂಡು ಉಂಡರು. ಉಣ್ಣುವಾಗ ಕಣ್ಣಿಂದ ನೀರು ತಟ್ಟೆಗೇ ಬೀಳುತ್ತಿತ್ತು. ಖಾರ ಜಾಸ್ತಿಯಾಯಿತು ಎಂದು ಬೈರಮ್ಮ ಸೊಸೆಯನ್ನು ಬೈದರು. ಖಾರ ಎಂದಿನಷ್ಟೇ ಇತ್ತು.

ಕೋದಂಡರಾಮಪ್ಪ ಬಂದದ್ದು ಜ್ಯೇಷ್ಠದ ಕೊನೆಗೆ. ಬಂದವನೇ ಹಿತ್ತಲ ಕೋಣೆಗೆ ಹೋದ. ಬೋರಲು ಹಾಕಿದ್ದ ಜಾಡಿಗಳನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದು ನಿಂತ.

"ನಾನೇ ಚೆಲ್ಲಿದೆ," ಎಂದಳು ರತ್ನಮ್ಮ ಹಿಂದಿನಿಂದ.

"ಎಲ್ಲಾನೂ?"

"ಎಲ್ಲಾನೂ."

"ನಿನ್ನ ನಂಬಿ ಬಿಟ್ಟು ಹೋಗಿದ್ದೆ ರತ್ನಾ. ಆರು ವರ್ಷದ ಕೆಲಸ ಅದು."

ಮದುವೆಯಾದಾಗಿನಿಂದ ಗಂಡನಿಗೆ ಎದುರು ಮಾತಾಡದಿದ್ದ ಹೆಂಗಸು ಆಗ ಮಾತಾಡಿದಳು. "ನಿಮ್ಮ ಕೆಲಸ ಒಂದೇ ಚೆಲ್ಲಿದ್ದು ಅಂದ್ಕೊಂಡ್ರಾ? ಆ ಬಂಗಲೇಲಿ ನಾನೂ ಇರೋಳಾಗಿದ್ದೆ. ನನ್ನವೂ ಆರು ವರ್ಷ ಇದ್ವು ಅದ್ರಲ್ಲಿ. ಸಿಕ್ಕಿಬಿದ್ದು ಜೈಲಿಗೆ ಹೋಗಿದ್ರೆ ಯಾವ ಮಾವಿನ ಕಾಲದಲ್ಲಿ ಬರ್ತಿದ್ರಿ ನೀವು? ಹೋಗಿ, ನಿಮ್ಮ ನಾಯನ ಏನು ಮಾಡಿದ್ರು ಅಂತ ದೊಡ್ಡತ್ತೇನ ಕೇಳ್ಕೊಳ್ಳಿ ಮೊದಲು."

ಅವನು ಕೇಳಿಕೊಂಡ. ಕೇಳಿದ ಮೇಲೆ ಅಂಗಿ ಬದಲಾಯಿಸದೆ ತೋಪಿನಲ್ಲಿದ್ದ ಅಪ್ಪನ ಹತ್ತಿರ ಹೋದ. ಅಪ್ಪ ಮಕ್ಕಳು ಏನು ಮಾತಾಡಿದರೋ ರತ್ನಮ್ಮನಿಗೆ ತಿಳಿಯಲಿಲ್ಲ. ಹಿತ್ತಲ ಗೋಡೆಯಿಂದ ನೋಡಿದಾಗ ಇಬ್ಬರೂ ಒಂದು ಮರದಡಿ ದೂರ ದೂರ ನಿಂತಿದ್ದರು. ಆಮೇಲೆ ನೋಡಿದಾಗ ಒಬ್ಬರ ಪಕ್ಕ ಒಬ್ಬರು ಕೂತಿದ್ದರು.

ಊಟಕ್ಕೆ ಕೂತಾಗ ಕೋದಂಡರಾಮಪ್ಪ, "ಈ ಸಂಶೋಧನೆ ಬಿಟ್ಬಿಡ್ತೀನಿ ನಾಯನ. ಹುಡುಗರಿಗೆ ಬರೀ ಉಪ್ಪು, ಗಂಧಕದ ಪಾಠ ಹೇಳ್ಕೊಂಡಿರ್ತೀನಿ," ಎಂದ.

"ಬಿಡೋದಾಗಿದ್ರೆ ನಾನೇ ಮಾಡ್ದೆ ಅಂತ ಯಾಕೋ ಹೇಳ್ತಿದ್ದೆ?" ಚನ್ನರಾಯಪ್ಪನವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ನನಗೆ ಅದು ಹಿಡಿಸಲ್ಲ. ಸಾಯೋ ತನಕ ಹಿಡಿಸಲ್ಲ. ನೀನು ಮಾಡು. ಇಲ್ಲಿ ಬೇಡ, ನಿನ್ನ ಕಾಲೇಜಲ್ಲಿ ಮಾಡು. ಇವಳನ್ನೂ ಕರ್ಕೊಂಡು ಹೋಗು."

ಬೈರಮ್ಮ ಬೆಚ್ಚಿದರು. "ನನ್ನ ಮಂಡಿಗೆ ಎಣ್ಣೆ ಹಚ್ಚೋರು ಯಾರು? ಮುದ್ದೆ ಕಟ್ಟೋರು ಯಾರು?"

"ನನ್ನ ಕೈಗೇನಾಗೈತೆ?" ಎಂದರು ದೊಡ್ಡಗಂಗಮ್ಮ. "ತೊಟ್ಟಿಲು ತೊಟ್ಟಿಲು ಅಂತಿದ್ದೆಯಲ್ಲ, ಕಳಿಸು."

ಸಮಿತಿಯ ಮುಂದೆ ಬರಿಗೈಯಲ್ಲಿ ಹೋದ ಕೋದಂಡರಾಮಪ್ಪನಿಗೆ ಆ ವರ್ಷ ಪ್ರೊಫೆಸರ್ ಹುದ್ದೆ ಸಿಗಲಿಲ್ಲ, ಬೇರೊಬ್ಬರಿಗೆ ಹೋಯಿತು. ರತ್ನಮ್ಮ ಸಂಸಾರ ಹೂಡಿದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ, ಒಂದೂವರೆ ಕೋಣೆಯಲ್ಲಿ. ಅವನ ಪಾಠ ಏನೆಂದು ಕೇಳಿ ಬೇರೆಯವರೆಲ್ಲ ಮನೆ ಇಲ್ಲವೆಂದಿದ್ದರು. ವಠಾರದ ಒಡತಿ ರಾಮಲಕ್ಷ್ಮಮ್ಮ ಮಾತ್ರ, "ಅದರಲ್ಲಿ ನನಗೂ ಒಂದು ಲೋಟ ಕೇಳ್ತೀನಾ? ನಲ್ಲಿ ಹತ್ರ ಜಗಳ ಆಡದಿದ್ರೆ ಸಾಕು," ಎಂದಿದ್ದಳು. ಯುದ್ಧ ಬಂತು. ಫ್ರಾನ್ಸಿನಿಂದ ಬರಬೇಕಿದ್ದ ಪುಸ್ತಕ, ಗಾಜಿನ ಸಾಮಾನು ನಿಂತವು. ಅಕ್ಕಿ ರೇಷನ್ನಾಯಿತು. ಗಂಡ ಕಾಲೇಜಿನಲ್ಲಿ ಔಷಧಿಗೆ ಬೇಕಾದ ಸ್ಪಿರಿಟ್ಟು ತೆಗೆಯುವ ಕೆಲಸಕ್ಕೆ ಕೂತ. ಬಿಡುವು ಸಿಕ್ಕಾಗ ಮಾರ್ಕೆಟ್ಟಿನ ಹಣ್ಣು ತಂದು ಮತ್ತೆ ಮೊದಲಿನಿಂದ ಶುರುಮಾಡಿದ. ಗೌನಿಪಲ್ಲಿಯ ಆ ಜಾಡಿಗಳ ಪರಿಮಳ ಯಾವುದರಲ್ಲೂ ಬರಲಿಲ್ಲ ಎಂದು ಸಂಜೆಗಳಲ್ಲಿ ಹೇಳುತ್ತಿದ್ದ. ಮಗಳು ಆದಿಲಕ್ಷ್ಮಿ ಹುಟ್ಟಿದಳು. ರಜೆ ಸಿಗದೆ, ಬಸ್ಸಿಗೆ ಪೆಟ್ರೋಲಿಲ್ಲದೆ, ಊರಿಗೆ ಹೋಗುವುದು ಎರಡು ವರ್ಷಕ್ಕೊಮ್ಮೆಯಾಯಿತು, ಆಮೇಲೆ ಅದೂ ಇಲ್ಲ.

ನಲವತ್ತಾರರಲ್ಲಿ ಕೋದಂಡರಾಮಪ್ಪ ಪ್ರೊಫೆಸರಾದ. ಮಾವಿನ ಮೇಲೆ ಅವನು ಬರೆದದ್ದು ಹೊರದೇಶದಲ್ಲಿ ಅಚ್ಚಾಗಿತ್ತು. ಬಂಗಲೆ ಕೊಡುವ ಪದ್ಧತಿಯನ್ನು ಕಾಲೇಜಿನವರು ಅಷ್ಟರಲ್ಲಿ ನಿಲ್ಲಿಸಿದ್ದರು. ಹೊಸ ಪ್ರೊಫೆಸರ ಮೊದಲ ಉಪನ್ಯಾಸ ಕೇಳಲು ಚನ್ನರಾಯಪ್ಪನವರು ಪೆಟ್ರೋಲಿಗೆ ಬದಲಾಗಿ ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸಿನಲ್ಲಿ, ಮಸಿ ಮೆತ್ತಿದ ಪಂಚೆಯಲ್ಲಿ ಬಂದಿಳಿದರು. ಕೊನೆಯ ಬೆಂಚಿನಲ್ಲಿ ಸೊಸೆ ಮೊಮ್ಮಗಳ ಪಕ್ಕ ನೆಟ್ಟಗೆ ಕೂತು, ಅರ್ಥವಾಗದ ಇಂಗ್ಲಿಷನ್ನು ಗಂಟೆಹೊತ್ತು ಕೇಳಿದರು.

"ಹೇಗಿತ್ತು ನಾಯನ?"

"ಒಂದು ಮಾತೂ ತಿಳೀಲಿಲ್ಲ. ಆದ್ರೆ ಒಬ್ಬ ಹುಡುಗನೂ ಎದ್ದು ಹೋಗ್ಲಿಲ್ಲ ಕಣೋ. ನಮ್ಮ ಸಂಘದಲ್ಲಿ ನಾನು ಮಾತಾಡಿದ್ರೆ ಅರ್ಧ ಜನ ಎದ್ದೋಗೋರು."

ಎರಡು ದಿನ ಇದ್ದರು. ಮೂರನೆಯ ಬೆಳಿಗ್ಗೆ ಮೂವರೂ ಅವರನ್ನು ಬಸ್ಸಿಗೆ ಬಿಡಲು ಹೋದರು. ಡ್ರೈವರು ಇದ್ದಿಲಿಗೆ ಗಾಳಿ ಊದುತ್ತಿದ್ದ. ಚನ್ನರಾಯಪ್ಪನವರು ಕಿಟಕಿಯ ಪಕ್ಕ ಕೂತು ಚಕ್ರದ ಕಡೆ ನೋಡುತ್ತಾ, "ಈ ವರ್ಷ ಕಾಯಿ ಚೆನ್ನಾಗಿ ಕಚ್ಚೈತೆ," ಎಂದರು.

"ಕೀಳೋಕೆ ಜನ ಸಿಗ್ತಾರಾ ಮಾವ?"

"ಕೀಳೋಕೆ ಅವ್ರೆ. ತಿನ್ನೋಕೇ ಯಾರೂ ಇಲ್ಲ. ನಿಮ್ಮತ್ತೆಗೆ ಹಲ್ಲಿಲ್ಲ. ಅತ್ತಿಗೆ ಒಂದು ಹೋಳು ಬಾಯಿಗಿಟ್ಕೊಂಡು ದಿನವೆಲ್ಲ ಕೂತಿರ್ತಾರೆ."

ಬಸ್ಸು ಗುರುಗುಟ್ಟಿತು. ಕಂಡಕ್ಟರು ಬಾಗಿಲು ತಟ್ಟಿದ. ರತ್ನಮ್ಮ ಗಂಡನ ಮುಖ ನೋಡಿದಳು, ಮಾವನ ಮುಖ ನೋಡಿದಳು. ಮಗಳನ್ನೆತ್ತಿ ಕಿಟಕಿಯೊಳಗೆ ಮಾವನ ಮಡಿಲಿಗೆ ಇಳಿಸಿದಳು. ತಾನೂ ಮೆಟ್ಟಿಲು ಹತ್ತಿದಳು.

"ಏಯ್, ಏನೇ ಇದು? ಬಟ್ಟೆ ಬರೆ?" ಎಂದ ಪ್ರೊಫೆಸರು.

"ಅಲ್ಲಿ ಅತ್ತೆ ಸೀರೆ ಇದ್ದಾವೆ. ಬೆಳಿಗ್ಗೆ ಮಾಡಿದ ಸಾರು ನೆಲುವಿನಲ್ಲಿದೆ, ಸಂಜೆ ಬಿಸಿ ಮಾಡ್ಕೊಳ್ಳಿ. ರಾಗಿ ಹಿಟ್ಟು ಡಬ್ಬೀಲಿದೆ. ರಾಮಲಕ್ಷ್ಮಮ್ಮನ್ನ ಕೇಳಿದ್ರೆ ಮುದ್ದೆ ಕಟ್ಕೊಡ್ತಾರೆ."

"ಯಾವಾಗ ಬರ್ತೀಯ?"

ಬಸ್ಸಿನ ಸದ್ದಿನಲ್ಲಿ ಅವಳು ಏನೋ ಹೇಳಿದಳು. ಅವನಿಗೆ ಕೇಳಿಸಲಿಲ್ಲ. ಹೊಗೆಯಲ್ಲಿ ಕೈ ಎತ್ತಿಕೊಂಡು ನಿಂತಿದ್ದವನು ಹಿಂದೆ ಹಿಂದೆ ಸರಿದು ಕಾಣದಾದ.

ಹೊಸಕೋಟೆ ದಾಟಿದ ಮೇಲೆ ಆದಿಲಕ್ಷ್ಮಿ ತಾತನ ಎದೆಗೊರಗಿ ನಿದ್ದೆಹೋದಳು. ಮಗು ಏಳದಿರಲೆಂದು ಮುದುಕರು ಕೆಮ್ಮನ್ನೂ ತಡೆದುಕೊಂಡು ಕೂತಿದ್ದರು. ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ರತ್ನಮ್ಮ ಎಂದೂ ಕಂಡಿರಲಿಲ್ಲ. ಇನ್ನೇನು ಊರು, ತೋಪು, ಅತ್ತೆಯಂದಿರು ಎಂದು ಅವಳ ಮನಸ್ಸು ಬಸ್ಸಿಗಿಂತ ಮುಂದೆ ಓಡುತ್ತಿತ್ತು. ಕೋಲಾರದಲ್ಲಿ ಬಸ್ಸು ನಿಂತಾಗ ಮಾವ ಕಿಟಕಿಯಿಂದಲೇ ಕಡಲೆಕಾಯಿ ಕೊಂಡು ಅವಳ ಸೆರಗಿಗೆ ಸುರಿದರು. ಒಂದು ಸುಲಿದು ಬಾಯಿಗಿಟ್ಟವಳಿಗೆ, ಗಂಡ ಮನೆಗೆ ಹೋದನೋ, ಇಲ್ಲ ಊಟ ಮರೆತು ಸೀದಾ ಕಾಲೇಜಿಗೇ ಹೋದನೋ ಎನ್ನಿಸಿತು. ಶ್ರೀನಿವಾಸಪುರದ ಕಡೆ ಬಸ್ಸು ತಿರುಗುವಷ್ಟರಲ್ಲಿ ಅವಳು ಕುತ್ತಿಗೆ ಹೊರಳಿಸಿ, ಬಂದ ದಾರಿಯನ್ನೇ ನೋಡುತ್ತಿದ್ದಳು.